ಕಿತ್ತಳೆ ಟೊಪ್ಪಿ, ಕೆಂಪು ಟೊಪ್ಪಿ

ಬರ್ಗನ್, ನಾರ್ವೆ
ಜುಲೈ 6, ರಾತ್ರಿ

ಆಯಿಗೆ ಮತ್ತು ಅಪ್ಪನಿಗೆ ನಮಸ್ಕಾರ.

ನಾನು ಆರಾಮ. ನಿನ್ನ ಪತ್ರ ಸಿಕ್ಕಿತು. ಪುಟ್ಟಿ ನಾಲ್ಕೂ ಹಾಳೆ ಫೋಟೊ ಹೊಡೆದು ಕಳಿಸಿದ್ದಾಳೆ, ಅಕ್ಷರ ಸ್ಪಷ್ಟ ಇದೆ. ಮೇಲಿನಮನೆ ಅತ್ತೆಯ ಮೊಣಕಾಲು, ಕೊಟ್ಟಿಗೆ ಹಂಚು, ಭಾವನ ಮಗನಿಗೆ ಹೆಣ್ಣು ಸಿಗದೇ ಇರುವುದು, ಎಲ್ಲ ಓದಿದೆ. ಅದಕ್ಕೆಲ್ಲ ಆಮೇಲೆ ಉತ್ತರ. ಮೊದಲು ಇದನ್ನು ಓದು, ಮಾಣಿಯನ್ನೂ ಕರೆದು ಕೂರಿಸಿಕೋ.

ಎರಡನೇ ಹಾಳೆಯ ಫೋಟೊದ ಮೂಲೆಯಲ್ಲಿ, ನಿನ್ನ ಕನ್ನಡಕದ ಪಕ್ಕ, ಅಪ್ಪನ ಇನ್ಸುಲಿನ್ ಶೀಶೆ ಮತ್ತು ಒಂದು ಸಿರಿಂಜು ಕಾಣುತ್ತವೆ. ಶೀಶೆಯ ಮೇಲೆ 40 ಐಯು ಎಂದು ಬರೆದದ್ದು ಓದಲು ಬರುತ್ತದೆ. ಸಿರಿಂಜಿನ ಟೊಪ್ಪಿ ಕಿತ್ತಳೆ ಬಣ್ಣದ್ದು. 40ರ ಶೀಶೆಗೆ ಕೆಂಪು ಟೊಪ್ಪಿಯ ಸಿರಿಂಜು ಬೇಕು. ಕಿತ್ತಳೆ ಟೊಪ್ಪಿಯದು 100ರ ಔಷಧಕ್ಕೆ ಮಾಡಿದ್ದು. ಎರಡೂ ನೋಡಲು ಒಂದೇ ಥರ, ಗೆರೆಯ ಲೆಕ್ಕ ಮಾತ್ರ ಬೇರೆ.

ಅಕ್ಕಿ ಅಳೆಯುವ ಪಾವು ಬದಲಾದ ಹಾಗೆ ಅಂದುಕೋ. 40ರ ಶೀಶೆ ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್ ಔಷಧ. ಕಿತ್ತಳೆ ಸಿರಿಂಜಿನ ಗೆರೆ ಒಂದು ಎಂಎಲ್‌ಗೆ 100ರ ಲೆಕ್ಕದ್ದು, ಅದರಲ್ಲಿ 18ರ ಗೆರೆವರೆಗೆ ಎಳೆದರೆ ಒಳಗೆ ಬರುವುದು 0.18 ಎಂಎಲ್. ಅದನ್ನು 40ರಿಂದ ಗುಣಿಸಿದರೆ 7.2. ಡಾಕ್ಟರು ಬರೆದದ್ದು ಬೆಳಿಗ್ಗೆ 18, ರಾತ್ರಿ 12. ಅಪ್ಪನ ಮೈಗೆ ಹೋಗಿದ್ದು ಬೆಳಿಗ್ಗೆ ಏಳು ಚಿಲ್ಲರೆ, ರಾತ್ರಿ ಐದೂ ಇಲ್ಲ. ‘ಸೂಜಿ ಶುರುಮಾಡಿ ಹದಿನೈದು ದಿನವಾದರೂ ಸಕ್ಕರೆ 280ರಿಂದ ಕೆಳಗೆ ಇಳಿಯಲೊಲ್ಲದು, ಅಪ್ಪ ಇದೂ ಸುಳ್ಳು ಹೇಳ್ತ’ ಎಂದು ಬರೆದಿದ್ದೀಯಲ್ಲ, ಇಳಿಯುವುದು ಹೇಗೆ? ಐದು ಸೇರಿನ ಜಾಗದಲ್ಲಿ ಎರಡು ಸೇರು ಹಾಕಿದ್ದು.

ನಿನ್ನ ಪತ್ರದಲ್ಲೇ ಇದಕ್ಕೆ ಸಾಕ್ಷಿಯೂ ಇದೆ. ‘ಶೀಶೆ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಒಳ್ಳೆ ಬಾಳಿಕೆ ಬಂತು’ ಎಂದು ಖುಷಿಯಲ್ಲಿ ಬರೆದಿದ್ದೀಯ. ಹತ್ತು ಎಂಎಲ್ ಶೀಶೆಯಲ್ಲಿ ಇರುವುದು 400 ಯೂನಿಟ್. ದಿನಕ್ಕೆ 30ರಂತೆ ಹೋದರೆ ಹದಿಮೂರು ದಿನಕ್ಕೆ ಖಾಲಿಯಾಗಬೇಕಿತ್ತು. ಹದಿನೈದು ದಿನದಲ್ಲಿ ಹೋದದ್ದು 180. ಆಯಿ, ಬೇರೆ ಎಲ್ಲದರಲ್ಲೂ ನಿನ್ನ ಉಳಿತಾಯ ನಡೆಯಲಿ, ಇದರಲ್ಲಿ ಬೇಡ.

ಗಾಬರಿ ಬೀಳುವಂಥದ್ದು ಎಂತದೂ ಇಲ್ಲ. ಕಡಿಮೆ ಹೋಗಿದೆ ಅಷ್ಟೆ, ಹೆಚ್ಚು ಹೋಗಿಲ್ಲ. ತಿರುಗಿ ಆಗಿದ್ದರೆ, ಅಂದರೆ 100ರ ಔಷಧವನ್ನು ಕೆಂಪು ಸಿರಿಂಜಿನಲ್ಲಿ ಎಳೆದಿದ್ದರೆ, 18ರ ಗೆರೆಯಲ್ಲಿ 45 ಯೂನಿಟ್ ಹೋಗುತ್ತಿತ್ತು, ನಾನು ಪತ್ರ ಬರೆಯುತ್ತ ಕೂರುತ್ತಿರಲಿಲ್ಲ. ಅದಕ್ಕೇ ಇನ್ನೊಂದು ಮಾತು: ಬೆಂಗಳೂರಿನ ಭಾವ ಸಿರಿಂಜಿನ ಡಬ್ಬಿಯ ಜೊತೆ ಇನ್ಸುಲಿನ್ ಪೆನ್ನಿಗೆ ಹಾಕುವ ಔಷಧದ ಎರಡು ಕಾರ್ಟ್ರಿಜ್ಜನ್ನೂ ಕಳಿಸಿದ್ದಾರೆ ಅಂದೆಯಲ್ಲ, ಅದು 100ರದ್ದು. ಶೀಶೆ ಮುಗಿದ ದಿನ ‘ಹೇಗೂ ಇದೆಯಲ್ಲ’ ಎಂದು ಅದಕ್ಕೆ ಸಿರಿಂಜು ಚುಚ್ಚಿ ಎಳೆಯಬೇಡಿ. ಎಷ್ಟೇ ಜಾಣರಿದ್ದರೂ ಎಡವುವ ಜಾಗ ಅದು. ಎರಡನ್ನೂ ಬೇರೆ ಡಬ್ಬಿಗೆ ಹಾಕಿ ಭಾವ ಬಂದಾಗ ವಾಪಸ್ ಕೊಡಿ. ಪಾಪ, ಪ್ರೀತಿಯಿಂದ ಕಳಿಸಿದ್ದು, ತಪ್ಪು ಎಂದು ಅವರೆದುರು ಎತ್ತಿ ಆಡುವುದು ಬೇಡ. ಅಕ್ಕನಿಗೆ ನಾನು ಹೇಳುತ್ತೇನೆ.

ಈಗ ಮಾಡಬೇಕಾದದ್ದು. ಮಾಣಿ ನಾಳೆ ಬೆಳಿಗ್ಗೆಯೇ ಶೀಶೆ, ಕಿತ್ತಳೆ ಸಿರಿಂಜು, ನೀನು ಸಕ್ಕರೆ ಬರೆದಿಟ್ಟ ಪುಸ್ತಕ, ಮೂರನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಲಿ. ಹೇಳಬೇಕಾದ ಮಾತು ಇಷ್ಟೇ: ‘18, 12 ಬರೆದಿದ್ದಿರಿ, ಸಿರಿಂಜು ಬದಲಾಗಿ 7, 5 ಹೋಗಿದೆ.’ ಕೆಂಪು ಟೊಪ್ಪಿಯದು ತಂದ ಕೂಡಲೇ ಎಷ್ಟರಿಂದ ಶುರುಮಾಡಬೇಕು ಎಂದು ಅವರೇ ಹೇಳಲಿ. ನೀವಾಗಿ ಲೆಕ್ಕ ಹಾಕಿ ಏರಿಸಬೇಡಿ. ಇದನ್ನು ಹೇಳದೇ ಬರೀ 280 ತೋರಿಸಿದರೆ ಅವರು ಔಷಧ ಸಾಲುತ್ತಿಲ್ಲ ಎಂದು 18ನ್ನು 26 ಮಾಡುತ್ತಾರೆ. ಆಮೇಲೆ ಯಾರೋ ಸರಿಯಾದ ಸಿರಿಂಜು ತಂದ ದಿನ ಏಳರ ಜಾಗದಲ್ಲಿ ಇಪ್ಪತ್ತಾರು ಒಂದೇ ಸಲ ಹೋಗುತ್ತದೆ. ನನ್ನ ಹೆದರಿಕೆ ಇರುವುದು ಅಲ್ಲಿ.

ಮಾಣಿಗೆ ಮೆಸೇಜು ಹಾಕಿದ್ದೇನೆ, ಮಧ್ಯಾಹ್ನದಿಂದ ಒಂದೇ ಟಿಕ್. ಕರೆಂಟಿಲ್ಲದೆ ಟವರೂ ಮಲಗಿದೆ ಎಂದು ಗೊತ್ತು. ಪುಟ್ಟಿ ಪೇಟೆ ಕಡೆ ಬಂದಾಗ ಇದನ್ನು ತೆಗೆಯುತ್ತಾಳೆ. ಪುಟ್ಟಿ, ಐದು ರಸ್ತೆ ಹತ್ತಿರ ಎಲ್ಲಾದರೂ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಂಡು ಹೋಗಿ ಆಯಿಗೆ ಕೊಡು. ಮೊಬೈಲಿನಲ್ಲಿ ಓದಿದರೆ ಅವಳಿಗೆ ತಲೆಗೆ ಹೋಗುವುದಿಲ್ಲ.

ಇನ್ನು ಫ್ರಿಜ್ಜಿನ ವಿಷಯ. ಮೂರು ದಿನ ಕರೆಂಟಿಲ್ಲ, ಔಷಧ ಹಾಳಾಯಿತೇನೋ ಎಂದು ಎರಡು ಹಾಳೆ ಬರೆದಿದ್ದೀಯ. ಕರೆಂಟಿಲ್ಲದ್ದಕ್ಕೆ ಹಾಳಾಗಿಲ್ಲ. ಒಡೆದ, ಅಂದರೆ ಬಳಸಲು ಶುರುಮಾಡಿದ ಶೀಶೆ 25–30 ಡಿಗ್ರಿ ಒಳಗೆ ನಾಲ್ಕು ವಾರ ಹೊರಗೇ ಇರಬಹುದು. ನಮ್ಮದು ಸರಿಯಾಗಿ ಬಳಸಿದರೆ ಹದಿಮೂರೇ ದಿನಕ್ಕೆ ಮುಗಿಯುತ್ತದೆ, ಅದಕ್ಕೆ ಫ್ರಿಜ್ಜೇ ಬೇಡ. ಒಡೆದ ತಾರೀಖನ್ನು ಪೆನ್ನಿನಲ್ಲಿ ಲೇಬಲಿನ ಮೇಲೆ ಬರೆದಿಡು. ಫ್ರಿಜ್ ಬೇಕಾದದ್ದು ಒಡೆಯದ ಶೀಶೆಗೆ: 2ರಿಂದ 8 ಡಿಗ್ರಿ. ಆಷಾಢದ ಸಿರಸಿಯಲ್ಲಿ ಸೆಕೆ ಎಲ್ಲಿ ಬಂತು, ಎರಡು ಮೂರು ದಿನ ಕರೆಂಟು ಹೋದರೆ ಅದಕ್ಕೂ ಏನೂ ಆಗುವುದಿಲ್ಲ. ಬಾಗಿಲು ತೆರೆಯದೇ ಇಟ್ಟರೆ ಸಾಕು.

ಹಾಳಾಗುವುದು ತಂಡಿಯಿಂದ. ಕೆಳಗಿನಮನೆಯವರು ಹೇಳಿದರು ಎಂದು ಮೀನಿನ ಗಾಡಿಯಿಂದ ಐಸ್ ತರಿಸಿ ಶೀಶೆಯನ್ನು ಅದರೊಳಗೆ ಹುಗಿದಿಟ್ಟೆವು ಅಂದೆ. (ನಮ್ಮ ಮನೆಗೆ ಮೀನಿನ ಐಸ್! ಅಪ್ಪನಿಗೆ ಗೊತ್ತಾ?) ಇನ್ಸುಲಿನ್ ಒಮ್ಮೆ ಗಡ್ಡೆ ಕಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ. ಆ ಶೀಶೆಯನ್ನು ಬೆಳಕಿಗೆ ಹಿಡಿದು ಉರುಳಿಸಿ ನೋಡು. ಸಮನಾಗಿ ತೆಳು ಹಾಲಿನ ಹಾಗೆ ಆದರೂ ಐಸಿನಲ್ಲಿ ಹುಗಿದದ್ದನ್ನು ನಂಬುವ ಹಾಗಿಲ್ಲ. ಗಾಜಿಗೆ ಇಬ್ಬನಿ ಹಿಡಿದ ಹಾಗೆ ಬಿಳಿ ಅಂಟಿದ್ದರೆ, ಮೊಸರಿನ ಹರಳು ತೇಲಿದರೆ ನೋಡುವುದೇ ಬೇಡ. ಎಸೆದುಬಿಡಿ, ಹೊಸದು ತನ್ನಿ, ದುಡ್ಡು ನಾನು ಹಾಕುತ್ತೇನೆ. ಫ್ರಿಜ್ಜಿನಲ್ಲೂ ಫ್ರೀಜರಿನ ಕೆಳಗೆ, ಹಿಂದಿನ ಗೋಡೆಗೆ ತಾಗಿಸಿ ಇಡಬೇಡ. ನಮ್ಮ ಹಳೇ ಫ್ರಿಜ್ಜಿನ ಹಿಂಗೋಡೆಗೆ ಐಸ್ ಹಿಡಿಯುತ್ತದೆ. ನಡುವಿನ ತಟ್ಟೆಯಲ್ಲಿ, ಮುಚ್ಚಳದ ಡಬ್ಬಿಯೊಳಗೆ ಇಡು.

ಮಣ್ಣಿನ ಮಡಕೆ ಉಪಾಯವನ್ನು ಯಾರೋ ಹೇಳಿದ್ದು ಸುಳ್ಳಲ್ಲ, ಆದರೆ ಕಾಲ ತಪ್ಪಿದೆ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಸಣ್ಣ ಮಡಕೆ, ಮೇಲೆ ಒದ್ದೆ ಬಟ್ಟೆ. ನೀರು ಆವಿಯಾಗಿ ಹೋದಂತೆ ಒಳಗೆ ತಂಪಾಗುತ್ತದೆ. ಬಚ್ಚಲಲ್ಲಿ ಹಾಕಿದ ಪಂಚೆ ನಾಲ್ಕು ದಿನವಾದರೂ ಒಣಗದ ಈ ಮಳೆಯಲ್ಲಿ ಆವಿ ಎಲ್ಲಿಂದ ಏಳಬೇಕು? ಮಾರ್ಚ್ ಏಪ್ರಿಲಿನಲ್ಲಿ ಮಾಡು, ಆಗ ಬೇಕಾಗುತ್ತದೆ.

ಇಲ್ಲಿ ಮಳೆಗೆ ಕರೆಂಟು ಹೋಗುವುದಿಲ್ಲ. ಈ ಊರಿಗೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮೇಲೆ ಮಳೆ, ಸುಮಾರು ನಮ್ಮ ಸಿರಸಿಯ ಲೆಕ್ಕವೇ. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುತ್ತದೆ, ಇವರದ್ದು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಜಿಟಿಜಿಟಿ. ಇವರು ಮಳೆ ಎಂದು ಹೆಮ್ಮೆಯಿಂದ ತೋರಿಸಿದ್ದಕ್ಕೆ ನಮ್ಮಲ್ಲಿ ‘ಹನಿ ಬೀಳ್ತಾ ಇದ್ದು’ ಎನ್ನುತ್ತೇವೆ. ಗಾಳಿಗೆ ಛತ್ರಿ ತಿರುವಿ ಹೋಗುತ್ತದೆ ಎಂದು ಎಲ್ಲರೂ ಕೋಟಿನವರೇ, ನಮ್ಮ ಕಂಬಳಿಕೊಪ್ಪೆ ಲೆಕ್ಕ. ಮಕ್ಕಳನ್ನು ತಳ್ಳುಗಾಡಿಯಲ್ಲಿ ಬೆಚ್ಚಗೆ ಸುತ್ತಿ ಚಳಿಯಲ್ಲಿ ಹೊರಗೇ ಮಲಗಿಸುತ್ತಾರೆ, ನೀನು ನೋಡಿದರೆ ಎರಡು ದಿನ ಊಟ ಮಾಡುವುದಿಲ್ಲ. ಇವರ ಕರೆಂಟೂ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನಿಂದಲೇ. ನಮ್ಮ ಜಿಲ್ಲೆಯಲ್ಲೂ ಸೂಪಾ, ಕೊಡಸಳ್ಳಿ, ಕದ್ರಾ, ಮೇಲೆ ಕೈಗಾ ಬೇರೆ. ಊರಿಗೆಲ್ಲ ದೀಪ ಕೊಟ್ಟು ನಾವು ಚಿಮಣಿ ಹಚ್ಚಿಕೊಳ್ಳುವವರು. ಇರಲಿ.

ಸೂಜಿ ಹಾಕುವ ಕ್ರಮ. ಇಲ್ಲಿ ದಿನಾ ಹತ್ತು ಹನ್ನೆರಡು ಅಜ್ಜ ಅಜ್ಜಿಯರಿಗೆ ಇದೇ ಕೆಲಸ ಮಾಡುವವಳು ಎಂದು ಹೇಳುತ್ತಿದ್ದೇನೆ, ಮಗಳು ಅಂತಲ್ಲ. ಕೈ ತೊಳೆದು ಒರೆಸಿಕೋ. ಶೀಶೆಯನ್ನು ಎರಡು ಅಂಗೈ ನಡುವೆ ಹತ್ತಿಪ್ಪತ್ತು ಸಲ ಹೊಸೆ, ಬತ್ತಿ ಹೊಸೆದ ಹಾಗೆ. ಕುಲುಕಬೇಡ, ನೊರೆ ಬಂದು ಅಳತೆ ಕೆಡುತ್ತದೆ. ಹೊಸೆಯದೇ ಎಳೆದರೆ ಅಡಿಯ ಮಡ್ಡಿ ಅಡಿಯಲ್ಲೇ ಉಳಿದು ಒಂದು ದಿನ ತೆಳು, ಒಂದು ದಿನ ಗಟ್ಟಿ ಹೋಗುತ್ತದೆ. ಎಷ್ಟು ಯೂನಿಟ್ ಬೇಕೋ ಅಷ್ಟು ಗಾಳಿ ಎಳೆದು ಶೀಶೆಯೊಳಗೆ ಬಿಡು, ಶೀಶೆ ತಲೆಕೆಳಗೆ ಮಾಡಿ ಔಷಧ ಎಳೆ, ಗುಳ್ಳೆ ಇದ್ದರೆ ಬೆರಳಲ್ಲಿ ತಟ್ಟಿ ಮೇಲೆ ತಂದು ವಾಪಸ್ ತಳ್ಳು. ಹೊಟ್ಟೆಯಲ್ಲಿ ಹೊಕ್ಕುಳದಿಂದ ಎರಡು ಬೆರಳು ಬಿಟ್ಟು, ಚರ್ಮ ಸ್ವಲ್ಪ ಎತ್ತಿ ಹಿಡಿದು ಚುಚ್ಚು. ಔಷಧ ಹೋದ ಮೇಲೆ ಹತ್ತು ಎಣಿಸಿ ತೆಗೆ. ಜಾಗ ದಿನಾ ಬದಲಾಗಬೇಕು. ನೋಯುವುದಿಲ್ಲ ಎಂದು ಅಪ್ಪ ಒಂದೇ ಕಡೆ ತೋರಿಸುತ್ತಾರೆ, ಕೇಳಬೇಡ. ಅಲ್ಲಿ ಗಂಟು ಕಟ್ಟಿದರೆ ಔಷಧ ಒಂದು ದಿನ ಹೀರಿಕೊಳ್ಳುತ್ತದೆ, ಒಂದು ದಿನ ಇಲ್ಲ.

ಬಳಸಿದ ಸೂಜಿಯನ್ನು ಗೊಬ್ಬರಗುಂಡಿಗೆ, ಸೊಪ್ಪಿನ ರಾಶಿಗೆ ಎಸೆಯಬೇಡಿ. ನಾಳೆ ಅದೇ ಗೊಬ್ಬರವನ್ನು ಬರಿಗೈಯಲ್ಲಿ ಬುಟ್ಟಿಗೆ ತುಂಬುವವರು ಇದ್ದಾರೆ. ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ, ತುಂಬಿದ ಮೇಲೆ ಮಾಣಿ ಆಸ್ಪತ್ರೆಗೆ ಒಯ್ದು ಕೊಡಲಿ.

ಹೊತ್ತಿನ ವಿಷಯದಲ್ಲಿ ಅಪ್ಪನ ಜೊತೆ ಜಗಳ ಆಗುವುದು ಖಂಡಿತ. ಈ ಔಷಧಕ್ಕೆ ಸೂಜಿ ಹಾಕಿ ಅರ್ಧ ಗಂಟೆಗೆ ಊಟ ಬೀಳಬೇಕು. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಹೇಗೆ? ಎದ್ದು ಸೂಜಿ, ಆಮೇಲೆ ಮೀಯುವುದು, ಹೂ ಕೊಯ್ಯುವುದು, ಗಂಧ ತೇಯುವುದು, ಪೂಜೆ, ಮಂಗಳಾರತಿ, ತೀರ್ಥ. ತೆಳ್ಳೇವಿನ ಎದುರು ಕೂರುವಾಗ ಒಂದೂವರೆ ಗಂಟೆ. ಇಷ್ಟು ದಿನ ಔಷಧ ಅರ್ಧಕ್ಕಿಂತ ಕಡಿಮೆ ಹೋಗಿದ್ದಕ್ಕೆ ನಡೆಯಿತು. ಕೆಂಪು ಸಿರಿಂಜು ಬಂದ ಮೇಲೆ ಹೀಗೇ ಮಾಡಿದರೆ ದೇವರೆದುರೇ ತಲೆ ತಿರುಗಿ ಬೀಳುತ್ತಾರೆ. ಮೊದಲು ಪೂಜೆ ಮುಗಿಯಲಿ, ಮಂಗಳಾರತಿ ಗಂಟೆ ಕೇಳಿದ ಮೇಲೆ ಸೂಜಿ, ನೀನು ಕಾವಲಿ ಕಾಯಿಸಲು ಇಡು, ಅರ್ಧ ಗಂಟೆ ಸರಿಹೋಗುತ್ತದೆ. ಏಕಾದಶಿ, ಸಂಕಷ್ಟಿ, ಮತ್ತೆ ಶ್ರಾವಣದಲ್ಲಿ ಅಜ್ಜನ ತಿಥಿ ದಿನ ಎಲೆ ಹಾಕುವುದೇ ಎರಡೂವರೆಗೆ. ಆ ದಿನಗಳಿಗೆ ಎಷ್ಟು ಹಾಕಬೇಕು ಎಂದು ನಾಳೆಯೇ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಂಡು ಬರಲಿ.

ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಬೆವರು, ಕೈ ನಡುಕ, ಹಸಿವು, ಕಣ್ಣು ಮಂಜು, ಸುಮ್ಮಸುಮ್ಮನೆ ಸಿಟ್ಟು. ಅಪ್ಪನ ಸಿಟ್ಟು ಸಕ್ಕರೆ ಇಳಿದದ್ದಕ್ಕೋ ಅಡಿಕೆ ದರ ಇಳಿದದ್ದಕ್ಕೋ ಹೇಳಲು ಬಾರದು, ಮೀಟರಿನಲ್ಲಿ ನೋಡಿ. ಅವರ ಬಿಪಿ ಮಾತ್ರೆಯ ಹೆಸರು ‘ಲಾಲ್’ ಎಂದು ಮುಗಿಯುವುದಾದರೆ ನಡುಕ, ಎದೆ ಬಡಿತ ಗೊತ್ತಾಗದೇ ಹೋಗಬಹುದು, ಬೆವರು ಮಾತ್ರ ಬರುತ್ತದೆ. ಚಳಿಗಾಳಿಯಲ್ಲಿ ಬೆವರಿದರೆ ಅದೇ ಗುರುತು. ಆಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಕಿ ಕೊಡು, ಇಲ್ಲವಾದರೆ ಒಂದು ದೊಡ್ಡ ಚಮಚ ಜೋನಿ ಬೆಲ್ಲ. ಹೌದು, ಡಾಕ್ಟರು ಬೇಡವೆಂದ, ನೀನು ಅಟ್ಟಕ್ಕೆ ಏರಿಸಿಟ್ಟ ಅದೇ ಜೋನಿ ಬೆಲ್ಲ. ಒಂದು ಶೀಶೆ ಕೆಳಗೆ ಇಳಿಸು, ಬೀಗ ನಿನ್ನ ಹತ್ತಿರ ಇರಲಿ. ಚಾಕೊಲೇಟು, ಹಾಲು ಬೇಡ, ಅದರ ಜಿಡ್ಡಿನಿಂದ ಸಕ್ಕರೆ ಏರುವುದು ನಿಧಾನ. ಹದಿನೈದು ನಿಮಿಷ ಬಿಟ್ಟು ಮತ್ತೆ ಮೀಟರ್, ಏರದಿದ್ದರೆ ಮತ್ತೆ ಮೂರು ಚಮಚ, ಏರಿದ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನು ಮಾಡಿ. ಟವರ್ ಇಲ್ಲದಿದ್ದರೆ ಕೆಳಗಿನಮನೆ ಜೀಪು.

ಹುಲೇಕಲ್ ರಸ್ತೆಯಲ್ಲಿ ತೋಟಕ್ಕೆ ಸ್ಕೂಟರಿನಲ್ಲಿ ಹೋಗುವ ಮೊದಲು ಒಮ್ಮೆ ಮೀಟರಿನಲ್ಲಿ ನೋಡಲಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಲಿ. ಸ್ಕೂಟರಿನ ಡಿಕ್ಕಿಯಲ್ಲಿ ಒಂದು, ತೋಟದ ಮನೆಯಲ್ಲಿ ಒಂದು ಗ್ಲೂಕೋಸ್ ಪುಡಿ ಇರಲಿ. ಪೊಟ್ಟಣದಲ್ಲಿ ಬೇಡ, ತಿರುಪು ಮುಚ್ಚಳದ ಶೀಶೆಯಲ್ಲಿ, ಇಲ್ಲವಾದರೆ ಎರಡೇ ದಿನಕ್ಕೆ ಇರುವೆಯ ಸಂಸಾರ. ಮೀಟರಿನಲ್ಲಿ ನೋಡುವ ಮೊದಲು ಬೆರಳು ತೊಳೆಯಲೇಬೇಕು. ಹಲಸಿನ ತೊಳೆ ಬಿಡಿಸಿದ ಕೈಯಲ್ಲೇ ಚುಚ್ಚಿದರೆ ಬೆರಳಿನ ಸಕ್ಕರೆಯೂ ಸೇರಿ ಮುನ್ನೂರು ತೋರಿಸುತ್ತದೆ. ಇಲ್ಲಿಂದ ಮೀಟರ್ ಕಳಿಸು ಅಂದಿದ್ದೀಯ. ಇಲ್ಲಿನದು ಬೇರೆ ಲೆಕ್ಕದ್ದು, ಆರೋಗ್ಯವಂತರಿಗೆ 5, 6 ಎಂದು ತೋರಿಸುತ್ತದೆ, 18ರಿಂದ ಗುಣಿಸಿದರೆ ನಮ್ಮ ಲೆಕ್ಕ. ಅಪ್ಪನಿಗೆ 15 ಎಂದು ಬಂದರೆ ‘ಪೂರ್ತಿ ಗುಣ ಆತು’ ಎಂದು ಅಟ್ಟ ಹತ್ತುತ್ತಾರೆ.

ಕಾಲು. ಇದನ್ನು ನೀನು ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀಯ: ‘ಉಂಬಳ ಕಚ್ಚಿದ್ದು ಅಪ್ಪಂಗೆ ಗೊತ್ತೇ ಆಯ್ದಿಲ್ಲೆ, ಬಚ್ಚಲಲ್ಲಿ ರಕ್ತ ನೋಡಿ ನಾನೇ ಹೇಳಿದ್ದು.’ ಉಂಬಳ ಕಚ್ಚಿದ್ದು ಯಾರಿಗೂ ಕೂಡಲೇ ಗೊತ್ತಾಗುವುದಿಲ್ಲ, ಸರಿ. ಆದರೂ ಒಂದು ಪರೀಕ್ಷೆ ಮಾಡು. ಅಪ್ಪ ಕಣ್ಣು ಮುಚ್ಚಿ ಕೂರಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೊಂದಾಗಿ, ಒತ್ತದೇ, ತಿಕ್ಕದೇ, ಮೆಲ್ಲಗೆ ಮುಟ್ಟು. ಆರರಲ್ಲಿ ಎರಡು ಗೊತ್ತಾಗದಿದ್ದರೂ ಡಾಕ್ಟರಿಗೆ ತೋರಿಸಬೇಕು. ಉಂಬಳಕ್ಕೆ ಸುಣ್ಣ ಹಚ್ಚುವುದನ್ನು ಅಪ್ಪನ ಕಾಲಿಗೆ ಮಾಡಬೇಡ, ಚರ್ಮ ಸುಟ್ಟರೂ ಅವರಿಗೆ ತಿಳಿಯದು. ಉಗುರಿನಿಂದ ಬಾಯಿ ಬಿಡಿಸಿ ತೆಗೆದು, ಸೋಪಿನಲ್ಲಿ ತೊಳೆದು, ಒಣಬಟ್ಟೆ ಒತ್ತಿ ಹಿಡಿದು ಪಟ್ಟಿ ಕಟ್ಟು. ಗಮ್‌ಬೂಟು ಹಾಕಿಯೇ ತೋಟಕ್ಕೆ ಇಳಿಯಬೇಕು, ಒಳಗೆ ಹತ್ತಿ ಕಾಲುಚೀಲ, ಬಂದ ಮೇಲೆ ಬೂಟನ್ನು ಬೋರಲು ಹಾಕಿ ಒಣಗಿಸಬೇಕು. ಬೆರಳ ಸಂದಿಯನ್ನು ಒರೆಸಿ ಒಣಗಿಸು, ಅಲ್ಲಿ ಕೊಬ್ಬರಿ ಎಣ್ಣೆ ಹಚ್ಚಬೇಡ. ಮತ್ತೆ ಸಂಜೆ ಬಚ್ಚಲು ಒಲೆಯೆದುರು ಕಾಲು ಕಾಸಿಕೊಳ್ಳುತ್ತಾರಲ್ಲ, ಅದು ನಿಲ್ಲಲಿ. ಹಂಡೆಯ ನೀರನ್ನೂ ಕಾಲಿನಿಂದ ನೋಡದೇ ಮೊಣಕೈಯಿಂದ ನೋಡಿ ಹೊಯ್ದುಕೊಳ್ಳಲಿ.

ಅಪ್ಪಾ, ಇದು ನಿಮಗೆ. ಇನ್ಸುಲಿನ್ ಕೊನೇ ಹಂತದ ಔಷಧ, ಹಿಡಿದರೆ ಕಿಡ್ನಿ ಹೋಗುತ್ತದೆ ಎಂದು ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ಕಿಡ್ನಿ ಹೋಗುವುದು ಏರಿದ ಸಕ್ಕರೆಯಿಂದ. ಇದು 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಕಂಡುಹಿಡಿದದ್ದು. 1922ರ ಜನವರಿಯಲ್ಲಿ ಮೊದಲು ಕೊಟ್ಟದ್ದು ಹದಿನಾಲ್ಕು ವರ್ಷದ ಮಾಣಿಯೊಬ್ಬನಿಗೆ. ಕಂಡುಹಿಡಿದವರು ಅದರ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟರು. ದುಡ್ಡಿನ ಆಸೆಗೆ ಮಾಡಿದ್ದು ಎನ್ನುವವರಿಗೆ ಇದನ್ನು ಹೇಳಿ. ಇಲ್ಲಿ ಎಂಬತ್ತು ದಾಟಿದ ಅಜ್ಜಂದಿರು ತಾವೇ ಚುಚ್ಚಿಕೊಂಡು ಬೆಟ್ಟ ಹತ್ತಲು ಹೋಗುತ್ತಾರೆ. ನಿಮ್ಮದು ಬರೀ ಅಡಿಕೆ ತೋಟ.

ಶೀಶೆ ಯಾವಾಗಲೂ ಒಂದು ಹೆಚ್ಚಿಗೆ ಇರಲಿ, ಎರಡು ಮೂರು ಬೇಡ. ಘಟ್ಟದ ರಸ್ತೆ ಬಂದಾದರೆ ಪೇಟೆಗೆ ಮಾಲು ಬರುವುದು ತಡವಾಗುತ್ತದೆ, ಅದಕ್ಕೆ ಒಂದು.

ನನ್ನದು ಏನೂ ವಿಶೇಷ ಇಲ್ಲ, ಊಟ ಚೆನ್ನಾಗಿದೆ, ಬಣ್ಣ ಬಂದಿದ್ದೇನೆ ಎಂದೇ ಎಲ್ಲರೂ ಹೇಳುತ್ತಾರೆ. ಹಾಲು ಒಡೆದು ಉಳಿದ ನೀರು ಕಾಯಿಸಿ ಕಾಯಿಸಿ ಕಂದು ಮಾಡಿದ ಸಿಹಿ ಚೀಸ್ ಒಂದಿದೆ, ಆಲೆಮನೆ ಕೊಪ್ಪರಿಗೆಯ ಅಡಿ ಕೆರೆದ ಹಾಗಿರುತ್ತದೆ, ರೊಟ್ಟಿ ಮೇಲೆ ಹಾಕಿ ತಿನ್ನುತ್ತಾರೆ. ರಾತ್ರಿ ಹನ್ನೊಂದು, ದೀಪ ಹಾಕದೇ ಬರೆಯುತ್ತಿದ್ದೇನೆ, ಹೊರಗೆ ಇನ್ನೂ ಬೆಳಕು. ಬೆಳಿಗ್ಗೆ ಆರೂವರೆ ಪಾಳಿ, ಮಲಗಬೇಕು. ಭಾವನ ಮಗನ ಹೆಣ್ಣಿನ ವಿಷಯ ಮುಂದಿನ ಸಲ. ಅಪ್ಪೆಮಿಡಿ ಯಾರ ಕೈಯಲ್ಲೂ ಕಳಿಸಬೇಡ, ಚೀಲದಲ್ಲಿ ಒಡೆಯುತ್ತದೆ.

ಗಾಬರಿ ಬೇಡ, ನಿಜವಾಗಿ ಬೇಡ. ಮಾಣಿ ಡಾಕ್ಟರ ಹತ್ತಿರ ಹೋಗಿ ಬಂದ ಕೂಡಲೇ ಹೊಸ ಸಿರಿಂಜು ಮತ್ತು ಶೀಶೆಯನ್ನು ಪಕ್ಕಪಕ್ಕ ಇಟ್ಟು ಫೋಟೊ ಕಳಿಸಲಿ, ಟೊಪ್ಪಿಯ ಬಣ್ಣ ಕಾಣಬೇಕು. ನಾನು ನೋಡಿ ಹೂಂ ಅಂದ ಮೇಲೆ ಚುಚ್ಚಿ.

ನಿನ್ನ ಮಗಳು